ಟರ್ಬೊ ಡೀಸೆಲ್ ಜೀಪಿನ ಎಂಜಿನ್ ಉಳಿಸ್ಕೊಳಕ್ಕೆ ಮಾಡಿದ ಕೆಲಸಗಳು, ಈಜಿಟಿ (ಹೊಗೆಯ ಬಿಸಿ ಅಳೆಯೋ) ಗೇಜಿಂದ ಹಿಡಿದು ಪಿವಿಸಿ ಕ್ಯಾಪಿನವರೆಗೆ

ಎಂಜಿನ್ ಸೀಜ್ ಆಗಿ ಟೋ ಮಾಡಿಸ್ಕೊಂಡು ಗ್ಯಾರೇಜಿಗೆ ಬರೋರು ಹೆಚ್ಚುಕಮ್ಮಿ ಎಲ್ರೂ ಹೇಳೋದು ಒಂದೇ ಮಾತು, ಟೆಂಪರೇಚರ್ ಸೂಜಿ ಮಧ್ಯದಲ್ಲೇ ಇತ್ತು ಸಾರ್ ಅಂತ. ಸುಳ್ಳಲ್ಲ, ನಿಜವಾಗ್ಲೂ ಮಧ್ಯದಲ್ಲೇ ಇರುತ್ತೆ. ಈಗಿನ ಗಾಡಿಗಳಲ್ಲಿ ಆ ಸೂಜಿ ಕೂಲೆಂಟ್ 80 ಡಿಗ್ರಿ ಇದ್ರೂ ಅಲ್ಲೇ, 100 ಇದ್ರೂ ಅಲ್ಲೇ, ಸುಮ್ನೆ ಅಲ್ಲಾಡಿದ್ರೆ ಜನ ಗಾಬರಿಯಾಗಿ ಶೋರೂಮಿಗೆ ಓಡಿ ಬರ್ತಾರೆ ಅಂತ ಹಾಗೇ ಸೆಟ್ ಮಾಡಿರ್ತಾರೆ. ಅದಕ್ಕಿಂತ ಮೋಸದ ವಿಷಯ ಏನಂದ್ರೆ ಹೋಸ್ ಒಡೆದು ಕೂಲೆಂಟ್ ಪೂರ್ತಿ ಸೋರಿ ಹೋದ್ರೆ ಸೆನ್ಸರ್ ಮುಳುಗಿರೋಕೆ ನೀರೇ ಇರಲ್ಲ, ಬರೀ ಗಾಳಿಯಲ್ಲಿ ನೇತಾಡ್ತಿರುತ್ತೆ, ಎಂಜಿನ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಸುಡ್ತಿದ್ರೂ ಸೂಜಿ ಕೆಳಗೆ ಇಳಿಯೋದೂ ಉಂಟು. ಒಟ್ನಲ್ಲಿ ಡ್ಯಾಶ್‌ಬೋರ್ಡ್ ಹೇಳೋಷ್ಟೊತ್ತಿಗೆ ಹೆಡ್ ಬೆಂಡ್ ಆಗಿರುತ್ತೆ.

ನನ್ನ ಗಾಡಿ 2.5 ಲೀಟರ್ ಕಾಮನ್ ರೈಲ್ (ಡೀಸೆಲ್ ಹೈ ಪ್ರೆಶರಲ್ಲಿ ಒಂದೇ ಪೈಪಲ್ಲಿ ತುಂಬಿ ಎಲ್ಲಾ ಇಂಜೆಕ್ಟರಿಗೂ ಕೊಡೋ ಥರದ್ದು), ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿ ತಣಿಸೋದು) ಇರೋ ಫೋರ್ ವೀಲ್ ಡ್ರೈವ್ ಜೀಪು. ಸಕಲೇಶಪುರದ ಕಡೆ ತೋಟದ ಕೆಲಸ, ಕಾಫಿ ಮೂಟೆ, ಸ್ಪ್ರೇಗೆ ನೀರಿನ ಡ್ರಮ್ಮು, ಗೊಬ್ಬರ, ಆಗಾಗ ಶಿರಾಡಿ ಇಳಿದು ಮಂಗಳೂರು, ಒಮ್ಮೊಮ್ಮೆ ಬಿಸಿಲೆ ಘಾಟಿ. ಕಂಪನಿ ಫಿಟ್ಟಿಂಗೇ, ರಿಮ್ಯಾಪ್ (ಪವರ್ ಏರಿಸೋಕೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸೋದು) ಗಿಮ್ಯಾಪ್ ಏನಿಲ್ಲ. ಏನೂ ಕೆಟ್ಟಿರಲಿಲ್ಲ, ಆದ್ರೆ ಇದೇ ಸೈಜಿನ ಎಂಜಿನ್ ಕಟ್ಟಿಸಿದೋರ ಬಿಲ್ಲು ಲಕ್ಷ ದಾಟಿದ್ದು ನೋಡಿದ್ದೆ, ಕೆಡೋಕೆ ಮುಂಚೆ ಒಂದಷ್ಟು ಮಾಡಿಸಿಬಿಡೋಣ ಅಂತ ಕೂತೆ. ಬಂಪರ್ರು, ವಿಂಚು, ಲೈಟ್ ಬಾರಿಗೆ ಸುರಿಯೋ ದುಡ್ಡಲ್ಲಿ ಕಾಲು ಭಾಗ ಇದಕ್ಕೆ ಹಾಕಿದ್ರೆ ಸಾಕು, ಆದ್ರೆ ಇದು ಫೋಟೋದಲ್ಲಿ ಕಾಣಲ್ಲ ಅಲ್ವಾ ಅದಕ್ಕೇ ಯಾರೂ ಮಾಡಿಸಲ್ಲ.

ಮೊದಲು ನೀರಿನ ಕಥೆ. ಮಲೆನಾಡಲ್ಲಿ ಒಂದು ಅಭ್ಯಾಸ ಇದೆ, ರೇಡಿಯೇಟರ್ ಕಮ್ಮಿ ಆದ್ರೆ ಹಳ್ಳದ ನೀರು ಬಾಟ್ಲಿಲಿ ಹಿಡಿದು ಹುಯ್ಯೋದು. ಎಮರ್ಜೆನ್ಸಿಗೆ ಸರಿ, ಆದ್ರೆ ಅದನ್ನೇ ವರ್ಷಗಟ್ಟಲೆ ಓಡಿಸಿದ್ರೆ ಒಳಗೆ ತುಕ್ಕು, ಸುಣ್ಣದ ಪದರ, ವಾಟರ್ ಪಂಪ್ ಸೀಲು ಹಾಳು. ಇನ್ನೊಂದು ಲೆಕ್ಕ ಇದೆ. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತೆ. ಅರ್ಧಕ್ಕರ್ಧ ಕೂಲೆಂಟ್ ಹಾಕಿ, ಪ್ರೆಶರ್ ಹಿಡಿಯೋ ಒಳ್ಳೆ ಕ್ಯಾಪ್ ಇದ್ರೆ ಕುದಿಯೋ ಪಾಯಿಂಟು 120 ದಾಟುತ್ತೆ. ಅಂದ್ರೆ ಆ ಕ್ಯಾಪಿನ ರಬ್ಬರ್ ಹೋಗಿದ್ರೆ ನಿಮ್ಮ ಸೇಫ್ಟಿ ಮಾರ್ಜಿನ್ ಅಲ್ಲೇ ಅರ್ಧ ಹೋಯ್ತು, ಇನ್ನೂರು ಮುನ್ನೂರು ರೂಪಾಯಿ ಸಾಮಾನು, ಹೊಸದು ಹಾಕಿಸ್ದೆ. ಹಳೆ ನೀರೆಲ್ಲ ಬಿಟ್ಟು ಫ್ಲಶ್ ಮಾಡಿ ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ತುಂಬಿದ್ದಾಯ್ತು. ತುಂಬೋವಾಗ ಗಾಡಿ ಮೂತಿ ಮೇಲೆ ಬರೋ ಹಾಗೆ ಇಳಿಜಾರಲ್ಲಿ ನಿಲ್ಸಿ, ಹೀಟರ್ ಪೂರ್ತಿ ಓಪನ್ ಇಟ್ಟು, ಕ್ಯಾಪ್ ತೆಗೆದು ಐಡ್ಲಿಂಗಲ್ಲಿ ಬಿಟ್ರೆ ಸಿಕ್ಕಾಕೊಂಡಿರೋ ಗಾಳಿ ಗುಳುಗುಳು ಅಂತ ಹೊರಗೆ ಬರುತ್ತೆ. ಇದನ್ನ ಮಾಡದೆ ಬಿಟ್ಟು ಆಮೇಲೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡೋರು ಬೇಜಾನ್ ಜನ.

ಥರ್ಮೋಸ್ಟಾಟ್, ಅಂದ್ರೆ ಎಂಜಿನ್ ಬಿಸಿ ಆದ್ಮೇಲೆ ಮಾತ್ರ ನೀರನ್ನ ರೇಡಿಯೇಟರಿಗೆ ಬಿಡೋ ವಾಲ್ವು, ಅದರ ವಿಷಯದಲ್ಲಿ ನಮ್ಮ ಮೇಸ್ತ್ರಿ ಜೊತೆ ಸಣ್ಣ ಜಗಳ. ಅವರ ಪ್ರಕಾರ "ಅದನ್ನ ಕಿತ್ತು ಬಿಸಾಕಿ ಸಾರ್, ನೀರು ಫ್ರೀಯಾಗಿ ಓಡುತ್ತೆ, ಬಿಸಿನೇ ಆಗಲ್ಲ". ಹಳೆ ಜೀಪುಗಳಲ್ಲಿ ಎಲ್ಲಾ ಹಂಗೇ ಮಾಡ್ತಿದ್ರು. ಆದ್ರೆ ಥರ್ಮೋಸ್ಟಾಟ್ ಕೆಳಗಡೆ ಇನ್ನೊಂದು ಬಿಲ್ಲೆ ಇರೋ ಟೈಪಿನಲ್ಲಿ, ಎಂಜಿನ್ ಬಿಸಿ ಆದ್ಮೇಲೆ ಆ ಬಿಲ್ಲೆ ಹೋಗಿ ಬೈಪಾಸ್ ದಾರಿ ಮುಚ್ಚುತ್ತೆ, ಅದನ್ನ ಕಿತ್ರೆ ಬೈಪಾಸ್ ಯಾವಾಗ್ಲೂ ಓಪನ್, ಅರ್ಧ ನೀರು ರೇಡಿಯೇಟರಿಗೆ ಹೋಗದೇನೇ ಎಂಜಿನ್ ಒಳಗೇ ಸುತ್ತು ಹೊಡೆಯುತ್ತೆ. ಏರಿನಲ್ಲಿ ಬಿಸಿ ಜಾಸ್ತಿನೇ ಆಗುತ್ತೆ. ಮಾಮೂಲಿ ದಿನ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಸರಿಯಾಗಿ ಉರಿಯದೆ ಆಯಿಲಿಗೆ ಇಳಿಯುತ್ತೆ, ಅದು ಬೇರೆ. ಹೊಸ ಥರ್ಮೋಸ್ಟಾಟ್ ತಂದು ಹಾಕೋಕೆ ಮುಂಚೆ ಪಾತ್ರೆಲಿ ನೀರು ಕಾಯಿಸಿ, ಅಡುಗೆಮನೆಯಲ್ಲಿ ಬೈಸ್ಕೊಂಡು, ಥರ್ಮಾಮೀಟರ್ ಇಟ್ಟು ನೋಡ್ದೆ, 82ರ ಹತ್ರ ಬಾಯಿ ಬಿಟ್ಟಿತು, ಸರಿ ಇದೆ.

ರೇಡಿಯೇಟರ್ ಹೊರಗಿಂದ ನೋಡಿದ್ರೆ ಕ್ಲೀನಾಗೇ ಕಾಣ್ತಿತ್ತು. ಎಸಿ ಕಂಡೆನ್ಸರ್ ಬಿಚ್ಚಿ ಮುಂದಕ್ಕೆ ಸರಿಸಿ ನೋಡಿದ್ರೆ ಅದರ ಮತ್ತು ರೇಡಿಯೇಟರ್ ನಡುವೆ ಹುಲ್ಲಿನ ಬೀಜ, ಒಣಗಿದ ಕೆಸರು, ಸತ್ತ ಚಿಟ್ಟೆ, ಒಂದು ಕಂಬಳಿಯಷ್ಟು ದಪ್ಪ. ನೀರು ಹೊಡೆಯೋದಾದ್ರೆ ಎಂಜಿನ್ ಕಡೆಯಿಂದ ಹೊರಕ್ಕೆ ಹೊಡೀಬೇಕು, ಅದೂ ನಿಧಾನವಾಗಿ, ಸರ್ವಿಸ್ ಸ್ಟೇಷನ್ನೋರು ಪ್ರೆಶರ್ ಗನ್ ಹತ್ರ ಹಿಡಿದ್ರೆ ಫಿನ್ನುಗಳೆಲ್ಲ ಮಲಗಿಬಿಡ್ತವೆ.

ಆಮೇಲೆ ಅಲಾರಂ. ಇದಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗೋ ಡಬ್ಲ್ಯೂ 1209 ಅನ್ನೋ ಪುಟ್ಟ ಬೋರ್ಡು ತಗೊಂಡೆ, ಕೋಳಿ ಮೊಟ್ಟೆ ಇನ್‌ಕ್ಯುಬೇಟರಿಗೆ ಹಾಕ್ತಾರಲ್ಲ ಅದೇ, 12 ವೋಲ್ಟಿನದು, ಒಂದು ರಿಲೇ, ಒಂದು ಡಿಸ್ಪ್ಲೇ, ಒಂದು ಸೆನ್ಸರ್ ವೈರು, 110 ಡಿಗ್ರಿವರೆಗೆ ಓದುತ್ತೆ. ಸೆನ್ಸರ್ ತುದಿನ ತಾಮ್ರದ ಲಗ್ಗಿಗೆ ಕೂರಿಸಿ ಹೆಡ್ ಮೇಲೆ ಖಾಲಿ ಇದ್ದ ಒಂದು ಬೋಲ್ಟ್ ತೂತಿಗೆ ಟೈಟ್ ಮಾಡ್ದೆ. ಇದರ ಲಾಭ ಏನು ಅಂದ್ರೆ ಇದು ಅಳೆಯೋದು ನೀರಿನ ಬಿಸಿ ಅಲ್ಲ, ಲೋಹದ ಬಿಸಿ, ನೀರು ಸೋರಿ ಹೋದ್ರೂ ಹೆಡ್ ಬಿಸಿ ಆಗಿದ್ದು ಗೊತ್ತಾಗುತ್ತೆ. ಕೂಲೆಂಟ್ ಪೈಪ್ ಎಲ್ಲೂ ಕಟ್ ಮಾಡೋ ಹಾಗಿಲ್ಲ, ಲೀಕ್ ಆಗೋ ಹೊಸ ಜಾಗ ಹುಟ್ಟಲ್ಲ. ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರೋ ಫ್ಯೂಸಿಂದ ಲೈನ್ ತಗೊಂಡು, ಅದಕ್ಕೆ ಬೇರೆ 1 ಆಂಪಿಯರ್ ಫ್ಯೂಸ್ ಹಾಕಿ, ರಿಲೇ ಇಂದ ಒಂದು ಬಜರ್. ಮಾಮೂಲಿ ಓಡಾಟದಲ್ಲಿ 86ರಿಂದ 93 ತೋರಿಸುತ್ತೆ, ಅಲಾರಂ 103ಕ್ಕೆ ಇಟ್ಟಿದೀನಿ. ಬಜರ್ ಮಾತ್ರ ಜೋರಾಗಿರೋದು ತಗೊಳಿ, ಡೀಸೆಲ್ ಜೀಪಲ್ಲಿ ಮೊಬೈಲ್ ಥರ ಕುಯ್ ಅಂದ್ರೆ ಯಾರಿಗೂ ಕೇಳಲ್ಲ.

ಈಗ ಈಜಿಟಿ, ಅಂದ್ರೆ ಸೈಲೆನ್ಸರ್ ಕಡೆ ಹೋಗೋ ಹೊಗೆಯ ಬಿಸಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಪೆಟ್ರೋಲ್ ಎಂಜಿನ್ನಲ್ಲಿ ಫ್ಯುಯೆಲ್ ಕಮ್ಮಿ ಆದ್ರೆ ಬಿಸಿ ಜಾಸ್ತಿ ಅಂತಾರೆ, ಡೀಸೆಲ್ಲಲ್ಲಿ ಉಲ್ಟಾ, ಇರೋ ಗಾಳಿಗೆ ಡೀಸೆಲ್ ಜಾಸ್ತಿ ಆದಷ್ಟೂ ಬಿಸಿ ಏರುತ್ತೆ. ಗಾಳಿ ಕಮ್ಮಿ ಆಗೋಕೆ ಕಾರಣ ಎಷ್ಟು ಬೇಕಾದ್ರೂ ಇರಬಹುದು, ಕಟ್ಟಿಕೊಂಡ ಫಿಲ್ಟರ್ರು, ಒಡೆದ ಇಂಟರ್‌ಕೂಲರ್ ಹೋಸು, ಸೋತ ಟರ್ಬೊ (ಹೊಗೆಯ ರಭಸದಲ್ಲಿ ತಿರುಗಿ ಎಂಜಿನ್ನಿಗೆ ಗಾಳಿ ಒತ್ತೋ ಚಕ್ರ), ಇಲ್ಲಾ ದೊಡ್ಡ ಗೇರಲ್ಲಿ ಎಳೆಸೋ ಡ್ರೈವರ್ರು. ಪಿಸ್ಟನ್ ಅಲ್ಯೂಮಿನಿಯಂ, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ಕೆಳಗಡೆಯಿಂದ ಆಯಿಲ್ ಚಿಮ್ಮಿ ಅದನ್ನ ತಣ್ಣಗಿಡ್ತಾ ಇರುತ್ತೆ ಅನ್ನೋ ಕಾರಣಕ್ಕೆ ಉಳ್ಕೊಂಡಿರೋದು. ಆಸ್ಟ್ರೇಲಿಯಾದಲ್ಲಿ 2000ದ ಆಸುಪಾಸಿಗೆ ಬಂದ ನಿಸ್ಸಾನ್ ಪ್ಯಾಟ್ರೋಲ್‌ನ 3 ಲೀಟರ್ ಜೆಡ್‌ಡಿ 30 ಎಂಜಿನ್ ಈ ವಿಷಯಕ್ಕೇ ಹೆಸರುವಾಸಿ, ಪಿಸ್ಟನ್ ಕರಗಿ ತೂತು ಬೀಳೋ ಕೇಸುಗಳು ಜಾಸ್ತಿ ಆಗಿ ಓನರ್‌ಗಳೇ ಈಜಿಟಿ ಗೇಜು, ಬೂಸ್ಟ್ ಗೇಜು (ಟರ್ಬೊ ಒತ್ತೋ ಗಾಳಿಯ ಪ್ರೆಶರ್ ಅಳೆಯೋದು) ಹಾಕ್ಕೊಂಡು ಕಾವಲು ಕಾಯೋಕೆ ಶುರು ಮಾಡಿದ್ರು. 

ಪ್ರೋಬ್ (ಬಿಸಿ ಅಳೆಯೋ ಕಡ್ಡಿ) ಹಾಕೋ ಜಾಗ ಎರಡಿದೆ, ಟರ್ಬೊಗೆ ಮುಂಚೆ ಮ್ಯಾನಿಫೋಲ್ಡಲ್ಲಿ (ಎಲ್ಲಾ ಸಿಲಿಂಡರಿನ ಹೊಗೆ ಸೇರೋ ಪೈಪು), ಇಲ್ಲಾ ಟರ್ಬೊ ದಾಟಿದ ಮೇಲೆ ಪೈಪಲ್ಲಿ. ಪೈಪಲ್ಲಿ ಹಾಕೋದು ಸುಲಭ, ಆದ್ರೆ ಅಲ್ಲಿ ಬಿಸಿ ನೂರು ಇನ್ನೂರು ಡಿಗ್ರಿ ಕಮ್ಮಿ ತೋರಿಸುತ್ತೆ, ಅದೂ ಲೋಡ್ ಮೇಲೆ ಆ ವ್ಯತ್ಯಾಸ ಬದಲಾಗ್ತಾ ಇರುತ್ತೆ, ಲೆಕ್ಕ ಹಾಕೋಕೆ ಆಗಲ್ಲ. ಪಿಸ್ಟನ್ ನೋಡ್ತಿರೋ ಬಿಸಿ ಬೇಕಂದ್ರೆ ಮ್ಯಾನಿಫೋಲ್ಡೇ ಸರಿ. ಗಾಡಿ ಮೇಲೇ ಇಟ್ಟು ಡ್ರಿಲ್ ಹೊಡೀಬಹುದು, ಬಿಟ್ಟಿಗೆ ಗ್ರೀಸ್ ಬಳ್ಕೊಂಡು ಚೂರು ಅಂಟೋ ಹಾಗೆ ನಿಧಾನಕ್ಕೆ ಹೊಡೆದ್ರೆ ಆಗುತ್ತೆ ಅಂತಾರೆ, ನನಗೆ ಧೈರ್ಯ ಬರಲಿಲ್ಲ, ಒಂದು ಚೂರು ಬೀಡು (ಎರಕದ ಕಬ್ಬಿಣ) ಒಳಗೆ ಬಿದ್ರೂ ಲಕ್ಷಕ್ಕೂ ಮೇಲೆ ಆರ್‌ಪಿಎಂನಲ್ಲಿ ತಿರುಗೋ ಟರ್ಬೈನ್ ರೆಕ್ಕೆಗೆ ಹೋಗಿ ಹೊಡೆಯುತ್ತೆ. ಬಿಚ್ಚಿಸ್ದೆ. ಸ್ಟಡ್‌ಗಳು ಕಚ್ಕೊಂಡಿದ್ವು, ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಹೊಡೆದಿಟ್ಟಿದ್ದಕ್ಕೆ ಒಂದೂ ಮುರೀಲಿಲ್ಲ. ಗ್ಯಾಸ್ಕೆಟ್ ಹೊಸದು ಮುಂಚೆನೇ ಬೆಂಗಳೂರಿನ ಜೆಸಿ ರೋಡಿಂದ ತರಿಸಿಟ್ಟಿದ್ದೆ.

ಲೇತ್ ಶಾಪಿನೋರು ಮ್ಯಾನಿಫೋಲ್ಡ್ ಕೈಲಿ ಹಿಡ್ಕೊಂಡು "ಚೆನ್ನಾಗಿರೋದಕ್ಕೆ ಯಾಕಣ್ಣ ತೂತು?" ಅಂದ್ರು. ಸರಿಯಾದ ಪ್ರಶ್ನೆನೇ. ಇಲ್ಲಿ ಒಂದು ವಿಷಯ ಗಮನದಲ್ಲಿಟ್ಕೊಳಿ, ಆನ್‌ಲೈನಲ್ಲಿ ಬರೋ ಪ್ರೋಬ್ ಫಿಟ್ಟಿಂಗು ಹೆಚ್ಚಾಗಿ ಎನ್‌ಪಿಟಿ ಥ್ರೆಡ್ಡು, ನಮ್ಮೂರ ಲೇತಲ್ಲಿ ಇರೋದು ಬಿಎಸ್‌ಪಿ ಟ್ಯಾಪು, ಅದು ಪ್ಲಂಬಿಂಗ್ ಥ್ರೆಡ್ಡು. ಎರಡೂ ಕಾಲು ಇಂಚಿನ ಅರ್ಧ ಸೈಜೇ, ನೋಡೋಕೆ ಒಂದೇ ಥರ, ಆದ್ರೆ ಒಂದರಲ್ಲಿ ಇಂಚಿಗೆ 27 ಸುತ್ತು, ಇನ್ನೊಂದರಲ್ಲಿ 28, ಕೋನನೂ ಬೇರೆ. ಎರಡು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಟೈಟ್ ಆಗುತ್ತೆ, ಟೈಟಾಯ್ತು ಅಂದ್ಕೊಂಡು ಬಿಟ್ರೆ ನಾಳೆ ಅಲ್ಲಿಂದ ಮಸಿ ಸೋರುತ್ತೆ. ಪ್ರೋಬ್ ಜೊತೆಗೇ ಎನ್‌ಪಿಟಿ ಟ್ಯಾಪೂ ತರಿಸಿದ್ದೆ, 8.5 ಎಂಎಂ ಬಿಟ್ಟಲ್ಲಿ ತೂತು ಹೊಡೆದು ಟ್ಯಾಪ್ ಹಾಕಿದ್ರು, ಬೀಡು ಆದ್ರಿಂದ ಎಣ್ಣೆ ಬೇಡ, ಒಣಗೇ ಕತ್ತರಿಸುತ್ತೆ. ನಾಲ್ಕು ಸಿಲಿಂಡರಿನ ಹೊಗೆ ಒಂದಾಗೋ ಜಾಗದಲ್ಲಿ, ಟರ್ಬೊ ಫ್ಲ್ಯಾಂಜಿಗೆ ಸ್ವಲ್ಪ ಮುಂಚೆ ಜಾಗ ಗುರುತು ಹಾಕಿ ಕೊಟ್ಟಿದ್ದೆ, ಪ್ರೋಬ್ ತುದಿ ದಾರಿಯ ಮಧ್ಯಕ್ಕೆ ಬರಬೇಕು, ಗೋಡೆಗೆ ತಾಗ್ಬಾರದು.

ರೆಡಿಮೇಡ್ ಗೇಜ್ ಬೆಲೆ ನೋಡಿ ಬೇಡ ಅನ್ನಿಸ್ತು, ಕೆ ಟೈಪ್ ಥರ್ಮೋಕಪಲ್ಲಿಗೆ (ಎರಡು ಬೇರೆ ಲೋಹದ ತಂತಿಯ ಬಿಸಿ ಸೆನ್ಸರು) ಅದರ ಸಿಗ್ನಲ್ ಓದೋ ಮ್ಯಾಕ್ಸ್ 6675 ಬೋರ್ಡು, ಒಂದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಹಾಕೋ ಪುಟ್ಟ ಬೋರ್ಡು), ಚಿಕ್ಕ ಡಿಸ್ಪ್ಲೇ ಸೇರಿಸಿ ನಾನೇ ಮಾಡ್ಕೊಂಡೆ. ಈ ಚಿಪ್ 1024 ಡಿಗ್ರಿ ತನಕ ಓದುತ್ತೆ, ನಮಗೆ ಧಾರಾಳ. ಇದಕ್ಕಿಂತ ಹೊಸದು ಮ್ಯಾಕ್ಸ್ 31855 ಅಂತ ಇದೆ, ಅದನ್ನ ತಗೊಳೋದಾದ್ರೆ ಪ್ರೋಬ್ ಒಳಗಿನ ತುದಿ ಹೊರಗಿನ ಸ್ಟೀಲಿಗೆ ತಾಗಿರೋ ಗ್ರೌಂಡೆಡ್ ಟೈಪ್ ಆಗಿರಬಾರದು, ಮ್ಯಾನಿಫೋಲ್ಡಿಗೆ ಹಾಕಿದ ತಕ್ಷಣ ಶಾರ್ಟ್ ಅಂತ ಎರರ್ ಕೊಡುತ್ತೆ. ಥರ್ಮೋಕಪಲ್ ವೈರ್ ಸಾಲ್ದಿದ್ರೆ ಮಾಮೂಲಿ ತಾಮ್ರದ ವೈರ್ ಜೋಡಿಸೋ ಹಾಗಿಲ್ಲ, ಅದೇ ಕೆ ಟೈಪ್ ವೈರೇ ಬೇಕು, ಇಲ್ಲಾಂದ್ರೆ ಜೋಡಿಸಿದ ಜಾಗದ ಬಿಸಿಯೂ ಲೆಕ್ಕಕ್ಕೆ ಸೇರಿ ತಪ್ಪು ತೋರಿಸುತ್ತೆ. ಡಿಗ್ರಿಗೆ 41 ಮೈಕ್ರೋವೋಲ್ಟ್ ಅಷ್ಟೇ ಸಿಗ್ನಲ್ಲು, ಆಲ್ಟರ್ನೇಟರ್ ವೈರ್ ಪಕ್ಕ ಎಳೆದ್ರೆ ನಂಬರ್ ಕುಣಿಯುತ್ತೆ, ದೂರದಿಂದ ಎಳ್ಕೊಂಡು ಬಂದೆ.

ಹಾಕಿದ ಮೇಲೆ ಶಿರಾಡಿ ಹತ್ತಿ ನೋಡಬೇಕಿತ್ತು. ಗುಂಡ್ಯ ದಾಟಿ ಏರು ಶುರು ಆದ್ಮೇಲೆ, ಹಿಂದೆ ಲೋಡ್ ಇದ್ದು, ನಾಲ್ಕನೇ ಗೇರಲ್ಲೇ 1500 ಆರ್‌ಪಿಎಂ ಹತ್ರ ಎಳೆಸಿದ್ರೆ 650 ದಾಟಿ 690ರ ಕಡೆ ಹೋಗ್ತಾ ಇತ್ತು. ಟರ್ಬೊಗೆ ಮುಂಚೆ ಅಳೆದ್ರೆ 700ರ ಆಸುಪಾಸೇ ತುಂಬಾ ಹೊತ್ತು ಇರಬಾರದ ಗಡಿ ಅಂತ ಡೀಸೆಲ್ ಗೊತ್ತಿರೋರು ಹೇಳೋದು. ಮೂರಕ್ಕೆ ಇಳಿಸಿದ್ರೆ 2200 ಆರ್‌ಪಿಎಂಗೆ ಬಂತು, ಸ್ಪೀಡ್ ಅಷ್ಟೇ, ಆದ್ರೆ ನಂಬರ್ 560ಕ್ಕೆ ಇಳೀತು. ಕೂಲೆಂಟ್ ಸೂಜಿ? ಎರಡೂ ಸಲ ಮಧ್ಯದಲ್ಲೇ! "ಗೇರ್ ಇಳಿಸಿದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ" ಅಂತ ಹೇಳೋ ನಮ್ಮ ತೋಟದ ಡ್ರೈವರ್ ಅಣ್ಣನೂ ಈಗ ನಂಬರ್ ನೋಡಿ ತಾವೇ ಇಳಿಸ್ತಾರೆ, ಹೇಳೋದೇ ಬೇಕಿಲ್ಲ. ಬಿಸಿಲೆ ಥರದ ಕಡಿದಾದ ಹಾಳು ರಸ್ತೆಯಲ್ಲಿ, ಇಲ್ಲಾ ತೋಟದೊಳಗೆ ಕೆಸರಲ್ಲಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಲೋ ಗೇರ್) ಹಾಕಿದ್ರೆ ಇನ್ನೂ ಆರಾಮು, 400ರ ಮೇಲೆ ಹೋಗೋದೇ ಅಪರೂಪ. ಲೋ ಗೇರ್ ಇರೋದು ಸಿಕ್ಕಾಕೊಂಡಾಗ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದಾರೆ.

ಏರು ಮುಗಿದ ತಕ್ಷಣ ಟೀ ಅಂಗಡಿ ಮುಂದೆ ಬ್ರೇಕ್ ಹಾಕಿ ಆಫ್ ಮಾಡೋದು ಟರ್ಬೊಗೆ ವಿಷ, ಒಳಗಿನ ಶಾಫ್ಟ್ ಇನ್ನೂ ಬಿಸಿ ಇರುತ್ತೆ, ಆಯಿಲ್ ನಿಂತು ಅಲ್ಲೇ ಸುಟ್ಟು ಇದ್ದಿಲಾಗುತ್ತೆ. ಎಷ್ಟು ಹೊತ್ತು ಐಡ್ಲಿಂಗ್ ಬಿಡಬೇಕು ಅಂತ ಈಗ ವಾದ ಬೇಡ, ಈಜಿಟಿ 250ಕ್ಕಿಂತ ಕೆಳಗೆ ಬಂದ್ರೆ ಆಫ್, ಅಷ್ಟೇ.

690 ಯಾಕೆ ಬಂತು ಅಂತ ತಲೇಲಿ ಉಳೀತು, ಗಾಳಿ ಎಲ್ಲಾದ್ರೂ ಸೋರ್ತಿದ್ಯಾ ನೋಡೋಣ ಅಂತ ಬೂಸ್ಟ್ ಲೀಕ್ ಟೆಸ್ಟ್ ಮಾಡ್ದೆ. ಟರ್ಬೊಗೆ ಗಾಳಿ ಬರೋ ಪೈಪ್ ಬಿಚ್ಚಿ ಅದೇ ಸೈಜಿನ ಪಿವಿಸಿ ಎಂಡ್ ಕ್ಯಾಪು, ಹಾರ್ಡ್‌ವೇರ್ ಅಂಗಡೀದು, ಅದಕ್ಕೆ ತೂತು ಹೊಡೆದು ಪಂಕ್ಚರ್ ಅಂಗಡಿಯಿಂದ ತಂದ ಟ್ಯೂಬ್‌ಲೆಸ್ ವಾಲ್ವ್ ಕೂರಿಸಿ, ಕ್ಲಿಪ್ ಟೈಟ್ ಮಾಡಿ ಕಂಪ್ರೆಸರಿಂದ ಮೆಲ್ಲಗೆ 15 ಪಿಎಸ್‌ಐ. ಕ್ಯಾಪ್ ಎದುರಿಗೆ ಮಾತ್ರ ನಿಲ್ಲಬೇಡಿ, ಹಾರಿ ಬಂದ್ರೆ ಹಲ್ಲು ಹೋಗುತ್ತೆ. ಆಯಿಲ್ ಕ್ಯಾಪ್ ತೆಗೆದಿಡಿ, ವಾಲ್ವ್ ದಾಟಿ ಒಳಗೆ ಹೋಗೋ ಗಾಳಿ ಸೀಲು ಹಾರಿಸ್ಬಾರದು. ಸೋಪಿನ ನೀರು ಬಳಿದ್ರೆ ಇಂಟರ್‌ಕೂಲರ್ ಕೆಳಗಿನ ಹೋಸ್ ಮಡಚೋ ಜಾಗದಲ್ಲಿ ನೊರೆ ಎದ್ದು ನಿಂತಿತು. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ, ಕೈಲಿ ಹಿಂಡಿದ್ರೆ ಸೀಳು ಬಾಯಿ ಬಿಡುತ್ತೆ. ಹೊಸ ಹೋಸ್ ಹಾಕಿದ ಮೇಲೆ ಅದೇ ಏರು, ಅದೇ ಗೇರು, ಸುಮಾರು ಅಷ್ಟೇ ಲೋಡು, 640 ದಾಟಲಿಲ್ಲ. ಪಿಕಪ್ ಕಮ್ಮಿ ಆಗಿದ್ದು ನನಗೆ ಗೊತ್ತೇ ಆಗಿರಲಿಲ್ಲ, ದಿನಾ ಓಡಿಸೋರಿಗೆ ಇಂಥದ್ದು ಗೊತ್ತಾಗಲ್ಲ.

ಡೀಸೆಲ್ ಕಡೆಗೆ ಬಂದ್ರೆ, ಕಾಮನ್ ರೈಲಲ್ಲಿ ಪ್ರೆಶರ್ 1600 ಬಾರ್ ತನಕ ಹೋಗುತ್ತೆ, ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ತೂತು ಕೂದಲಿನಷ್ಟು. ನೀರು ಬಂದ್ರೆ ಪಂಪೂ ಇಂಜೆಕ್ಟರೂ ಎರಡೂ ಸವೀತವೆ, ಆಮೇಲೆ ಇಂಜೆಕ್ಟರ್ ತುದಿ ಸಿಂಪಡಿಸೋ ಬದಲು ತೊಟ್ಟಿಕ್ಕೋಕೆ ಶುರು ಮಾಡಿದ್ರೆ ಪಿಸ್ಟನ್ ತಲೆ ಮೇಲೆ ಒಂದೇ ಜಾಗದಲ್ಲಿ ಬೆಂಕಿ. ತೋಟದಲ್ಲಿ ಬ್ಯಾರಲಲ್ಲಿ ಡೀಸೆಲ್ ಇಡೋರು ಮಳೆಗಾಲದಲ್ಲಿ ಅದರ ತಳ ನೋಡಿ, ಬೆವರಿಳಿದು ನೀರು ಸೇರಿರುತ್ತೆ. ಈಗ ನಾನು ತಳದಿಂದ ನಾಲ್ಕು ಬೆರಳು ಬಿಟ್ಟು ಪೈಪ್ ಹಾಕ್ತೀನಿ, ಗಾಡಿಯ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಬಿಟ್ಟು ನೋಡ್ತೀನಿ, ನೀರಿದ್ರೆ ಕೆಳಗೆ ಬೇರೆ ನಿಲ್ಲುತ್ತೆ.

ಇಂಜೆಕ್ಟರಿಂದ ಟ್ಯಾಂಕಿಗೆ ವಾಪಸ್ ಹೋಗೋ ಡೀಸೆಲ್ ಎಷ್ಟು ಅಂತ ನೋಡೋ ರಿಟರ್ನ್ ಟೆಸ್ಟು ಮನೇಲೇ ಆಗುತ್ತೆ. ನಾಲ್ಕೂ ರಿಟರ್ನ್ ಪೈಪ್ ತೆಗೆದು ನಾಲ್ಕು ಒಂದೇ ಥರದ ಬಾಟ್ಲಿಗೆ ಇಳಿಬಿಟ್ಟು, ಟ್ಯಾಂಕ್ ಕಡೆ ಹೋಗೋ ಪೈಪಿಗೆ ಬಿರಡೆ ಹಾಕಿ, ಎರಡು ಮೂರು ನಿಮಿಷ ಐಡ್ಲಿಂಗ್. ನನ್ನದರಲ್ಲಿ ನಾಲ್ಕೂ ಹೆಚ್ಚುಕಮ್ಮಿ ಸಮ ಬಂತು, ಒಂದರಲ್ಲಿ ಎರಡರಷ್ಟು ತುಂಬಿದ್ರೆ ಅದನ್ನ ಬೆಂಚಿಗೆ (ಇಂಜೆಕ್ಟರ್ ಟೆಸ್ಟ್ ಮಾಡೋ ಮಷಿನ್ನಿಗೆ) ಕಳಿಸಬೇಕಿತ್ತು. ಆದ್ರೆ ಈ ಟೆಸ್ಟಲ್ಲಿ ತುದಿ ತೊಟ್ಟಿಕ್ಕೋದು ಗೊತ್ತಾಗಲ್ಲ, ಅದಕ್ಕೆ ಬೆಂಚೇ ಬೇಕು, ಇಲ್ಲಾ ಬೆಳಿಗ್ಗೆ ತಣ್ಣನೆ ಸ್ಟಾರ್ಟಲ್ಲಿ ಬಿಳಿ ಹೊಗೆ, ಕಟಕಟ ಸದ್ದು, ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮಟ್ಟ ತಾನಾಗೇ ಏರೋದು, ಇಂಥದ್ದು ನೋಡ್ಕೊಬೇಕು. ಇನ್ನೊಂದು, ಹಳೆ ಜೀಪಲ್ಲಿ ಯಾವ ಸಿಲಿಂಡರ್ ಮಿಸ್ ಅಂತ ನೋಡೋಕೆ ಎಂಜಿನ್ ಓಡ್ತಿರೋವಾಗ್ಲೇ ಇಂಜೆಕ್ಟರ್ ನಟ್ ಲೂಸ್ ಮಾಡ್ತಿದ್ರಲ್ಲ, ಇದರಲ್ಲಿ ಅದು ಬೇಡವೇ ಬೇಡ, ಆ ಪ್ರೆಶರಲ್ಲಿ ಚಿಮ್ಮಿದ ಡೀಸೆಲ್ ಚರ್ಮದೊಳಗೆ ನುಗ್ಗುತ್ತೆ, ಬೆರಳೇ ಕತ್ತರಿಸೋ ಪರಿಸ್ಥಿತಿ ಬರುತ್ತೆ.

ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ ಹೋಗೋ ಪೈಪು) ಬಿಚ್ಚಿದ್ದು ಹೇಗೂ ಬಿಚ್ಚಿದೀವಿ ಅಂತ. ಒಳಗೆ ತಾರು. ಈಜಿಆರ್ (ಒಂದಷ್ಟು ಹೊಗೆಯನ್ನ ಎಂಜಿನ್ನಿಗೇ ವಾಪಸ್ ಕಳಿಸೋ ವ್ಯವಸ್ಥೆ) ಮಸಿ, ಬ್ರೀದರಿಂದ (ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಪೈಪು) ಬರೋ ಆಯಿಲ್ ಆವಿ, ಎರಡೂ ಸೇರಿ ದಾರಿ ಅರ್ಧ ಮುಚ್ಚಿತ್ತು. ಈಜಿಆರ್ ಬ್ಲಾಂಕ್ ಮಾಡಿಬಿಡಿ (ಮುಚ್ಚಿಬಿಡಿ) ಅಂತ ಎಲ್ರೂ ಹೇಳ್ತಾರೆ, ಹೊಗೆ ಕಾನೂನು ಅಂತ ಒಂದಿದೆ, ನಾನು ಕ್ಲೀನ್ ಮಾಡಿ ವಾಪಸ್ ಹಾಕ್ದೆ, ಬದಲಿಗೆ ಬ್ರೀದರ್ ಪೈಪಿಗೆ ಒಂದು ಕ್ಯಾಚ್ ಕ್ಯಾನ್ ಸೇರಿಸಿ ಆಯಿಲನ್ನ ಅಲ್ಲೇ ತಡೆದೆ. ಒಳಗೆ ಸ್ಟೀಲ್ ಜಾಲರಿ ಇರೋದೇ ತಗೋಬೇಕು, ಬರೀ ಖಾಲಿ ಡಬ್ಬಿಯಲ್ಲಿ ಆವಿ ನಿಲ್ಲಲ್ಲ. ಏರ್ ಫ್ಲೋ ಸೆನ್ಸರಿಗೆ ಆಯಿಲ್ ಅಂಟಿ ತಪ್ಪು ಲೆಕ್ಕ ಕೊಡೋದೂ ಜೆಡ್‌ಡಿ 30 ಕಥೆಯಲ್ಲಿ ಒಂದು ಭಾಗ. ಮಳೆಗಾಲದಲ್ಲಿ ಕ್ಯಾನಲ್ಲಿ ಕಾಫಿ ಬಣ್ಣದ ನೊರೆ ತುಂಬುತ್ತೆ, ಅದು ಬರೀ ತೇವ, ಕೂಲೆಂಟ್ ಕಮ್ಮಿ ಆಗ್ತಿಲ್ಲ ಅಂದ್ರೆ ಗಾಬರಿ ಬೇಡ.

ಆಯಿಲ್ ವಿಷಯಕ್ಕೆ ಬಂದೆವಲ್ಲ, ಟರ್ಬೊ ಸೀಲ್ ಪೂರ್ತಿ ಹೋದ್ರೆ, ಇಲ್ಲಾ ಆಯಿಲ್ ಮಿತಿಮೀರಿ ತುಂಬಿಸಿದ್ರೆ, ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡ್ಕೊಂಡು ಓಡೋಕೆ ಶುರು ಮಾಡಬಹುದು, ಆಗ ಕೀ ಆಫ್ ಮಾಡಿದ್ರೂ ನಿಲ್ಲಲ್ಲ, ಆರ್‌ಪಿಎಂ ಏರ್ತಾನೇ ಹೋಗುತ್ತೆ. ಓಡಿಸೋ ಎಲ್ರಿಗೂ ಹೇಳಿಟ್ಟಿದೀನಿ, ಬ್ರೇಕ್ ಗಟ್ಟಿಯಾಗಿ ತುಳಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ, ಎಂಜಿನ್ ಉಸಿರುಗಟ್ಟಿ ನಿಲ್ಲುತ್ತೆ. ಕ್ಲಚ್ ಪ್ಲೇಟ್ ಹೋದ್ರೆ ಹೋಗ್ಲಿ.

ಏರ್ ಫಿಲ್ಟರ್ ದೊಡ್ಡ ಕೆಲಸ ಏನಲ್ಲ. ಪಂಕ್ಚರ್ ಅಂಗಡಿ ಗಾಳಿ ಹೊಡೆದು ಮತ್ತೆ ಮತ್ತೆ ಅದನ್ನೇ ಹಾಕೋದು ಬಿಟ್ಟೆ, ಹೊಸದು ಹಾಕಿ ಅಂಚಿಗೆ ತೆಳ್ಳಗೆ ಗ್ರೀಸ್. ಫಿಲ್ಟರ್ ದಾಟಿದ ಮೇಲಿನ ಪೈಪ್ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ ನೋಡಿ, ಕೆಂಪು ಧೂಳು ಬಂದ್ರೆ ಎಲ್ಲೋ ಸೀಲ್ ಬಿಟ್ಟಿದೆ, ಪಿಸ್ಟನ್ ರಿಂಗ್ ಸವೀತಾ ಇದೆ ಅಂತ ಅರ್ಥ. ಹಳ್ಳ ದಾಟೋರು ಗಾಳಿ ಎಳ್ಕೊಳೋ ಬಾಯಿ ಎಷ್ಟು ಎತ್ತರದಲ್ಲಿದೆ ಅಂತ ಬಾನೆಟ್ ಎತ್ತಿ ಟೇಪಲ್ಲಿ ಅಳೆದು ಇಟ್ಕೊಳಿ, ನೀರು ಸಿಲಿಂಡರಿಗೆ ಹೋದ್ರೆ ಅದನ್ನ ಕುಗ್ಗಿಸೋಕೆ ಆಗಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತೆ. ನೀರಲ್ಲಿ ಆಫ್ ಆದ ಗಾಡಿನ ಪದೇ ಪದೇ ಸೆಲ್ಫ್ ಹೊಡೆದು ನೋಡೋದು ಅದಕ್ಕಿಂತ ಹೆಚ್ಚಿನ ಹಾನಿ.

ಇಷ್ಟೆಲ್ಲ ಆದ್ಮೇಲೆ ರಿಮ್ಯಾಪ್ ಮಾಡಿಸ್ಬಹುದಲ್ಲ ಅಂತ ಕೇಳ್ತಾರೆ. ಮಾಡಿಸೋರು ಟ್ಯೂನರ್ ಹತ್ರ ಲೋಡಲ್ಲಿ ಈಜಿಟಿ ಎಷ್ಟು ಬರುತ್ತೆ ಅಂತ ಕೇಳಿ ನೋಡಿ, ನಂಬರ್ ಹೇಳೋರಿಗೆ ಮಾತ್ರ ಗಾಡಿ ಕೊಡಿ. ನನ್ನದರಲ್ಲಿ ಇನ್ನು ಬಾಕಿ ಇರೋದು ವಿಸ್ಕಸ್ ಫ್ಯಾನ್ ಕ್ಲಚ್ಚು (ಬಿಸಿ ಆದಾಗ ರೇಡಿಯೇಟರ್ ಫ್ಯಾನನ್ನ ಬಿಗಿಯಾಗಿ ಹಿಡ್ಕೊಳೋದು), ಬಿಸಿ ಎಂಜಿನ್ ಆಫ್ ಮಾಡಿ ಕೈಲಿ ತಿರುಗಿಸಿದ್ರೆ ಸ್ವಲ್ಪ ಸಲೀಸಾಗೇ ತಿರುಗ್ತಾ ಇದೆ, ಹೊಸದು ಹೇಳಿದೀನಿ, ಬಂದ ಮೇಲೆ ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕ್ಕೊಂಡು ಶಿರಾಡಿ ಹತ್ತಿದ ನಂಬರ್‌ಗಳನ್ನ ಇಲ್ಲೇ ಸೇರಿಸ್ತೀನಿ.